ತೇಲಿಸುವುದು ಉಪ್ಪು, ನಿದ್ದೆ ಬರಿಸುವುದು ಏನು?

ಉಪ್ಪು ಕರಗಿಸಿದ ನೀರಿನ ತೊಟ್ಟಿಯಲ್ಲಿ ಮಲಗಿ ತೇಲುವ ಫ್ಲೋಟ್ ಥೆರಪಿ ಬಗ್ಗೆ ಯಾರೇ ಮಾತೆತ್ತಲಿ, ಎರಡನೇ ವಾಕ್ಯಕ್ಕೆ ಮೆಗ್ನೀಸಿಯಂ ಬಂದೇ ಬರುತ್ತದೆ. ಟ್ಯಾಂಕಿನ ನೀರಲ್ಲಿ ಎಪ್ಸಮ್ ಉಪ್ಪು ಇದೆ, ಆ ಉಪ್ಪಲ್ಲಿ ಮೆಗ್ನೀಸಿಯಂ ಇದೆ, ಅದು ಚರ್ಮದ ಮೂಲಕ ಮೈಗೆ ಇಳಿಯುತ್ತದೆ, ನರಗಳು ಸಡಿಲವಾಗುತ್ತವೆ, ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ಕೇಳೋಕೆ ಎಷ್ಟು ಸಲೀಸಾಗಿದೆ ಅಲ್ವಾ? ಇದರಲ್ಲಿ ಮೊದಲ ಎರಡು ಮಾತು ನಿಜ. ಕೊನೆಯ ಎರಡೂ ಎಷ್ಟೋ ಜನರ ಮಟ್ಟಿಗೆ ನಿಜ. ನಡುವಿನ ಕೊಂಡಿ ಮಾತ್ರ ಗಟ್ಟಿಯಿಲ್ಲ.

ನನಗೆ ಫ್ಲೋಟ್ ಟ್ಯಾಂಕ್ ಅಂದರೆ ತುಂಬಾ ಇಷ್ಟ. ಮೆಗ್ನೀಸಿಯಂ ಬಗ್ಗೆಯೂ ದೊಡ್ಡ ಗೌರವ ಇದೆ. ಆದರೆ ಎರಡನ್ನೂ ಒಂದೇ ಗಂಟು ಕಟ್ಟಿದಾಗ ಎರಡಕ್ಕೂ ಅನ್ಯಾಯವಾಗುತ್ತದೆ. ಟ್ಯಾಂಕ್ ಮಾಡಿದ ಕೆಲಸದ ಹೆಸರೆಲ್ಲ ಉಪ್ಪಿಗೆ ಹೋಗುತ್ತದೆ. ಇನ್ನೊಂದು ಕಡೆ, ಮೈಯಲ್ಲಿ ಮೆಗ್ನೀಸಿಯಂ ನಿಜಕ್ಕೂ ಕಡಿಮೆ ಇರುವವರು ಊಟ, ಔಷಧಿ, ಡಾಕ್ಟರ್ ಅಂತ ನೋಡಿಕೊಳ್ಳುವ ಬದಲು ನೀರಲ್ಲಿ ಮಲಗಿ ಎದ್ದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅದಕ್ಕೇ ಈ ಗಂಟನ್ನು ಸ್ವಲ್ಪ ಬಿಚ್ಚೋಣ ಅನ್ನಿಸಿತು.

ಮೊದಲು ಟ್ಯಾಂಕಿನ ವಿಷಯ. ಒಳಗೆ ನೀರು ಜಾಸ್ತಿ ಇರುವುದಿಲ್ಲ. 25ರಿಂದ 30 ಸೆಂಟಿಮೀಟರ್ ಆಳ, ನಿಂತರೆ ಮೊಣಕಾಲೂ ಮುಳುಗುವುದಿಲ್ಲ. ಅಷ್ಟು ನೀರಿಗೆ ಸುಮಾರು 500 ಕಿಲೋ ಎಪ್ಸಮ್ ಉಪ್ಪು ಕರಗಿಸಿರುತ್ತಾರೆ. ಹೌದು, ಅರ್ಧ ಟನ್. ಇದರಿಂದ ನೀರು ಮಾಮೂಲಿ ನೀರಿಗಿಂತ ಸುಮಾರು ಕಾಲು ಪಾಲು ಜಾಸ್ತಿ ಭಾರವಾಗುತ್ತದೆ, ಮಾಮೂಲಿ ನೀರಿನ ಸಾಂದ್ರತೆ 1 ಆದರೆ ಇದರದ್ದು 1.25ರ ಮೇಲಕ್ಕೆ ಹೋಗುತ್ತದೆ. ಮೃತ ಸಮುದ್ರದ ನೀರೂ ಹೆಚ್ಚುಕಡಿಮೆ 1.24ರಲ್ಲಿ ನಿಲ್ಲುತ್ತದೆ. ಹಾಗಾಗಿ ಈಜು ಬಾರದವರೂ ಇದರಲ್ಲಿ ಮುಳುಗುವುದಿಲ್ಲ, ಮುಳುಗಬೇಕೆಂದು ಪ್ರಯತ್ನಪಟ್ಟರೂ ನೀರು ಮೇಲಕ್ಕೆ ತಳ್ಳುತ್ತದೆ. ಬಿಸಿಯನ್ನು 34–35 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಟ್ಟಿರುತ್ತಾರೆ. ಅದು ಚರ್ಮದ ಬಿಸಿಗೆ ಸಮ. ಬೆಚ್ಚಗೂ ಅನ್ನಿಸುವುದಿಲ್ಲ, ತಣ್ಣಗೂ ಅನ್ನಿಸುವುದಿಲ್ಲ.

ಒಳಗೆ ಹೋಗುವ ಮೊದಲು ಸ್ನಾನ ಮಾಡಬೇಕು, ಕಿವಿಗೆ ಮೇಣದಂಥ ಮೆತ್ತನೆಯ ಬಿರಡೆ ಹಾಕಿಕೊಳ್ಳಬೇಕು. ಮೈಮೇಲೆ ಎಲ್ಲಾದರೂ ಸಣ್ಣ ಗೀರು ಇದ್ದರೆ ವ್ಯಾಸಲಿನ್ ಹಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಆ ಗೀರು ಎಲ್ಲಿದೆ ಎಂದು ಉಪ್ಪೇ ಹುಡುಕಿ ತೋರಿಸುತ್ತದೆ. ಕೈಗೆ ಸಿಗುವ ಹಾಗೆ ಒಂದು ಸಣ್ಣ ಟವೆಲ್ಲು, ಸಿಹಿನೀರಿನ ಸ್ಪ್ರೇ ಬಾಟಲಿ ಇಟ್ಟಿರುತ್ತಾರೆ. ಕಣ್ಣಿಗೆ ಒಂದು ಹನಿ ಬಿದ್ದರೆ ಸಾಕು, ಅದು ಯಾಕೆ ಇಟ್ಟಿದ್ದಾರೆ ಎಂದು ಗೊತ್ತಾಗುತ್ತದೆ. ಮೂಗು ಕೆರೆಯಬೇಕು ಅನ್ನಿಸಿದರೂ ಒದ್ದೆ ಬೆರಳನ್ನು ಮುಖದ ಹತ್ತಿರ ತರಬಾರದು. ಮೊದಲ ಸಲ ಹೋಗುವವರಿಗೆ ಇದೊಂದೇ ನನ್ನ ಕಟ್ಟುನಿಟ್ಟಿನ ಮಾತು.

ಮಲಗಿದ ಕೂಡಲೇ ಮೈ ಹಗುರಾಗುತ್ತದೆ, ಆದರೆ ಕುತ್ತಿಗೆ ನಂಬುವುದಿಲ್ಲ. ನೀರಲ್ಲಿ ತಲೆ ಎತ್ತಿ ಹಿಡಿಯಬೇಕು ಅನ್ನುವುದು ಅದಕ್ಕೆ ಎಂದಿನಿಂದಲೂ ರೂಢಿ. ಸುಮಾರು ಹೊತ್ತು ಅದು ಬಿಗಿಯಾಗಿಯೇ ಇರುತ್ತದೆ. ಕೈಗಳನ್ನು ತಲೆಯ ಮೇಲ್ಗಡೆಗೆ ಚಾಚಿದರೆ ಕೆಲವರಿಗೆ ಬೇಗ ಸಡಿಲವಾಗುತ್ತದೆ, ನನಗೆ ಹಾಗೇ ಆಗುತ್ತದೆ. ಕುತ್ತಿಗೆ ಕೈಬಿಟ್ಟ ಮೇಲೆ ದವಡೆ, ಆಮೇಲೆ ಸೊಂಟ. ನನ್ನ ದವಡೆ ಇಡೀ ದಿನ ಕಚ್ಚಿಕೊಂಡಿರುತ್ತದೆ ಎಂದು ನನಗೆ ತಿಳಿದಿದ್ದು ಅಲ್ಲಿಯೇ. ದೀಪ ಆರಿಸಿದರೆ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಕಿವಿ ನೀರಿನೊಳಗೆ ಇರುವುದರಿಂದ ಹೊರಗಿನ ಸದ್ದು ಇಲ್ಲ, ಎದೆಬಡಿತ ಮಾತ್ರ ಸ್ಪಷ್ಟ. ಆಮೇಲೆ ಒಂದು ಹಂತದಲ್ಲಿ ತೋಳು ಎಲ್ಲಿ ಮುಗಿಯುತ್ತದೆ, ನೀರು ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗುವುದಿಲ್ಲ. ಬೆರಳು ಆಡಿಸಿದರೆ ಗಡಿ ವಾಪಸ್ ಬರುತ್ತದೆ, ಸುಮ್ನೆ ಬಿಟ್ಟರೆ ಮತ್ತೆ ಅಳಿಸಿಹೋಗುತ್ತದೆ.

ಈ ಟ್ಯಾಂಕನ್ನು ಯಾರೂ ಆರಾಮಕ್ಕೆಂದು ಕಂಡುಹಿಡಿದದ್ದಲ್ಲ. 1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಜಾನ್ ಲಿಲ್ಲಿ ಎಂಬ ನರವಿಜ್ಞಾನಿಗೆ ಒಂದು ಪ್ರಶ್ನೆ ಇತ್ತು. ಹೊರಗಿನಿಂದ ಬೆಳಕು, ಸದ್ದು, ಸ್ಪರ್ಶ ಯಾವುದೂ ಬರದ ಹಾಗೆ ಮಾಡಿದರೆ ಮಿದುಳು ಎಚ್ಚರವಾಗಿರುತ್ತದೆಯೇ, ಇಲ್ಲ ನಿದ್ದೆಗೆ ಜಾರುತ್ತದೆಯೇ? ಅವರು ಮಾಡಿದ ಮೊದಲ ತೊಟ್ಟಿಯಲ್ಲಿ ತಲೆಯನ್ನೆಲ್ಲ ಮುಚ್ಚುವ ಮುಖವಾಡ ಹಾಕಿಕೊಂಡು, ಉಸಿರಾಡಲು ಕೊಳವೆ ಇಟ್ಟುಕೊಂಡು ನೀರೊಳಗೆ ಮುಳುಗಿರಬೇಕಿತ್ತು. ಉಪ್ಪು ಹಾಕಿ ಮಲಗುವ ಯೋಚನೆ ಬಂದದ್ದು ಆಮೇಲೆ. 1970ರ ದಶಕದಲ್ಲಿ ಗ್ಲೆನ್ ಪೆರ್ರಿ ಎಂಬುವರು ಲಿಲ್ಲಿಯವರ ಕಾರ್ಯಾಗಾರಕ್ಕೆ ಹೋಗಿಬಂದು, ಮನೆಯಲ್ಲೂ ಇಟ್ಟುಕೊಳ್ಳಬಹುದಾದ ಟ್ಯಾಂಕ್ ತಯಾರಿಸಿ ಮಾರಲು ಶುರು ಮಾಡಿದರು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಉಪ್ಪು ಬಂದದ್ದು ಮನುಷ್ಯನನ್ನು ಎತ್ತಿ ಹಿಡಿಯಲು, ಮುಖವಾಡದ ಕಾಟ ತಪ್ಪಿಸಲು. ಮೆಗ್ನೀಸಿಯಂ ಕೊಡುವ ಉದ್ದೇಶ ಆಗ ಇರಲಿಲ್ಲ. ಎಪ್ಸಮ್ ಉಪ್ಪು ನೀರಲ್ಲಿ ಬಹಳ ಕರಗುತ್ತದೆ, ಅಡುಗೆ ಉಪ್ಪಿನ ಹಾಗೆ ಚರ್ಮವನ್ನು ಒಣಗಿಸುವುದಿಲ್ಲ. ಅದೇ ಅದರ ಗುಣ.

ಹಾಗಾದರೆ ಈ ತೊಟ್ಟಿ ನಿಜಕ್ಕೂ ಕೆಲಸ ಮಾಡುತ್ತದೆಯೇ? ಸ್ವೀಡನ್ನಿನ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದಾರೆ. 2014ರಲ್ಲಿ ಅಲ್ಲಿಂದ ಬಂದ ಒಂದು ಅಧ್ಯಯನದಲ್ಲಿ 65 ಜನರಿದ್ದರು. ಒಂದು ಗುಂಪು 7 ವಾರದಲ್ಲಿ 12 ಸಲ ತೇಲಿತು, ಇನ್ನೊಂದು ಗುಂಪು ತೇಲಲಿಲ್ಲ. ತೇಲಿದವರಲ್ಲಿ ಒತ್ತಡ, ಆತಂಕ, ನೋವು ಕಡಿಮೆಯಾಯಿತು, ನಿದ್ದೆ ಸುಧಾರಿಸಿತು. 2018ರಲ್ಲಿ ಅಮೆರಿಕದ ಟಲ್ಸಾದಲ್ಲಿರುವ ಮಿದುಳು ಸಂಶೋಧನಾ ಸಂಸ್ಥೆಯೊಂದರಲ್ಲಿ ಜಸ್ಟಿನ್ ಫೈನ್‌ಸ್ಟೈನ್ ಮತ್ತವರ ತಂಡ, ಆತಂಕ ಮತ್ತು ಖಿನ್ನತೆಯ ತೊಂದರೆಯಿದ್ದ 50 ಜನರನ್ನು ಒಂದೊಂದು ಗಂಟೆ ತೇಲಿಸಿ ನೋಡಿತು. ಹೆಚ್ಚುಕಡಿಮೆ ಎಲ್ಲರಲ್ಲೂ ಆ ಹೊತ್ತಿನ ಆತಂಕ ಇಳಿಯಿತು. ಯಾರಲ್ಲಿ ಆತಂಕ ಜಾಸ್ತಿ ಇತ್ತೋ ಅವರಲ್ಲೇ ಜಾಸ್ತಿ ಇಳಿಯಿತು.

ಅದೇ ತಂಡದ ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಆತಂಕದವರಿಗೆ ತಮ್ಮ ಎದೆಬಡಿತವೇ ಭಯ ಹುಟ್ಟಿಸುತ್ತದೆ. ಬಡಿತ ಜೋರಾದರೆ ಏನೋ ಆಗಿಹೋಗುತ್ತದೆ ಎಂದು ಅವರು ಗಾಬರಿಯಾಗುತ್ತಾರೆ. ಅಂಥವರನ್ನು ತೇಲಿಸಿದಾಗ ಎದೆಬಡಿತ, ಉಸಿರಾಟದ ಕಡೆಗೆ ಅವರ ಗಮನ ಜಾಸ್ತಿಯಾಯಿತು. ಭಯವೂ ಜಾಸ್ತಿಯಾಗಬೇಕಿತ್ತು ಅಲ್ವಾ? ಆಗಲಿಲ್ಲ. ರಕ್ತದೊತ್ತಡ ಇಳಿಯಿತು, ಮನಸ್ಸು ಶಾಂತವಾಯಿತು. ಮೈಯ ಸದ್ದನ್ನು ಅಷ್ಟು ಹತ್ತಿರದಿಂದ, ಅಷ್ಟು ನೆಮ್ಮದಿಯಲ್ಲಿ ಕೇಳಿಸಿಕೊಳ್ಳುವ ಅವಕಾಶ ಅವರಿಗೆ ಬೇರೆಲ್ಲೂ ಸಿಕ್ಕಿರುವುದಿಲ್ಲ. ನನ್ನ ಅನುಭವವೂ ಇದಕ್ಕೆ ಹೊಂದುತ್ತದೆ. ಒಳಗೆ ಹೊಕ್ಕ ಮೊದಮೊದಲು ಎದೆಬಡಿತ ಕಿರಿಕಿರಿಯಾಗುತ್ತದೆ, ಆಮೇಲೆ ಅದರ ಜೊತೆಯೇ ಉಸಿರು ನಿಧಾನವಾಗುತ್ತದೆ.

ಇದರ ಹಿಂದಿನ ಕಾರಣ ಹುಡುಕಲು ಉಪ್ಪನ್ನು ರಕ್ತದೊಳಗೆ ಕಳಿಸಬೇಕಾಗಿಲ್ಲ. ನಾವು ಕೂತಿರಲಿ, ನಿಂತಿರಲಿ, ಭೂಮಿಯ ಸೆಳೆತದ ವಿರುದ್ಧ ಬೆನ್ನು, ಕುತ್ತಿಗೆ, ಕಾಲಿನ ಸ್ನಾಯುಗಳು ಕೆಲಸ ಮಾಡುತ್ತಲೇ ಇರುತ್ತವೆ. ಹಾಸಿಗೆಯಲ್ಲಿ ಮಲಗಿದರೂ ಭುಜ, ಸೊಂಟ, ಹಿಮ್ಮಡಿ ಒತ್ತುತ್ತಿರುತ್ತವೆ, ಮಗ್ಗುಲು ಬದಲಿಸಬೇಕಾಗುತ್ತದೆ. ಟ್ಯಾಂಕಿನಲ್ಲಿ ಆ ಭಾರ ಇಡೀ ಮೈಗೆ ಹಂಚಿಹೋಗುತ್ತದೆ. ಬಿಸಿ, ಬೆಳಕು, ಸದ್ದು ಎಲ್ಲವೂ ಒಂದೇ ಹೊತ್ತಿಗೆ ತಗ್ಗುತ್ತವೆ. ಮತ್ತೆ, ಒಂದು ಗಂಟೆ ಕೈಯಲ್ಲಿ ಫೋನ್ ಇಲ್ಲ. ಇದನ್ನು ಸಣ್ಣ ವಿಷಯ ಎಂದು ತಳ್ಳಿಹಾಕಬೇಡಿ. ಎಚ್ಚರವಾಗಿದ್ದೂ ಒಂದು ಗಂಟೆ ಯಾರಿಗೂ ಉತ್ತರ ಕೊಡದೆ ಇರುವುದು ಎಷ್ಟು ಜನರಿಗೆ ಸಾಧ್ಯವಾಗುತ್ತದೆ?

ಹಾಗಂತ ಎಲ್ಲ ಅಧ್ಯಯನವೂ ಜೈ ಅಂದಿಲ್ಲ. 2021ರಲ್ಲಿ ಜರ್ಮನಿಯವರು ದೀರ್ಘಕಾಲದ ನೋವಿರುವ 99 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಫ್ಲೋಟ್, ಇನ್ನೊಂದಕ್ಕೆ ಅದರ ಹಾಗೇ ಕಾಣುವ ನಕಲಿ ರೂಪ, ಮೂರನೆಯದಕ್ಕೆ ಸುಮ್ಮನೆ ಕಾಯುವುದು. ತೇಲಿದ ಹೊತ್ತಿಗೆ ನೋವು ಕಡಿಮೆಯಾಯಿತು, ಆದರೆ ನಕಲಿ ಟ್ಯಾಂಕಿಗೆ ಹೋದವರಲ್ಲೂ ಆಯಿತು. ವಾರಗಳು ಕಳೆದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಈ ಫಲಿತಾಂಶವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆತಂಕ, ಒತ್ತಡದ ಅಧ್ಯಯನಗಳೂ ಚಿಕ್ಕವೇ, ಮತ್ತು ತಾನು ತೇಲುತ್ತಿದ್ದೇನೆ ಎಂದು ತೇಲುವವರಿಗೆ ಗೊತ್ತೇ ಇರುತ್ತದೆ. ಫ್ಲೋಟ್ ಒಂದು ಒಳ್ಳೆಯ ಸಂಜೆ ಕೊಡುತ್ತದೆ, ಆ ರಾತ್ರಿಯ ನಿದ್ದೆಯನ್ನೂ ಚೆನ್ನಾಗಿ ಮಾಡಬಹುದು. ಅದಕ್ಕಿಂತ ದೊಡ್ಡ ಮಾತು ಕೊಡುವವರನ್ನು ನಾನು ನಂಬುವುದಿಲ್ಲ.

ಈಗ ಮೆಗ್ನೀಸಿಯಂಗೆ ಬರೋಣ. ದೊಡ್ಡವರ ಮೈಯಲ್ಲಿ ಇದು ಸುಮಾರು 25 ಗ್ರಾಂ ಇರುತ್ತದೆ. ಅರ್ಧಕ್ಕಿಂತ ಜಾಸ್ತಿ ಮೂಳೆಯಲ್ಲಿ, ಉಳಿದದ್ದು ಸ್ನಾಯು ಮತ್ತಿತರ ಕಡೆ. ರಕ್ತದ ದ್ರವದಲ್ಲಿ ಇರುವುದು ಶೇಕಡಾ 1ಕ್ಕಿಂತ ಕಡಿಮೆ. ಅದಕ್ಕೇ ರಕ್ತ ಪರೀಕ್ಷೆಯಲ್ಲಿ ಮೆಗ್ನೀಸಿಯಂ ಸರಿಯಾಗಿದೆ ಎಂದು ಬಂದರೂ ಒಳಗಿನ ದಾಸ್ತಾನು ಕಡಿಮೆ ಇರಬಹುದು. ಕೆಲಸ ಮಾತ್ರ ಬೇಕಾದಷ್ಟು. 300ಕ್ಕೂ ಹೆಚ್ಚು ಕಿಣ್ವಗಳಿಗೆ ಇದು ಬೇಕು. ಜೀವಕೋಶದ ಶಕ್ತಿಯಾದ ಎಟಿಪಿ ಬಹುಮಟ್ಟಿಗೆ ಮೆಗ್ನೀಸಿಯಂ ಜೊತೆ ಅಂಟಿಕೊಂಡೇ ಕೆಲಸ ಮಾಡುತ್ತದೆ. ಮಿದುಳಿನಲ್ಲಿ ಎನ್‌ಎಂಡಿಎ ಎಂಬ ಬಾಗಿಲುಗಳಿವೆ, ನರಕೋಶವನ್ನು ಕೆರಳಿಸುವ ಸಂದೇಶಗಳು ಅವುಗಳ ಮೂಲಕ ಹಾಯುತ್ತವೆ. ಕೋಶ ಸುಮ್ಮನಿರುವಾಗ ಆ ಬಾಗಿಲಿಗೆ ಅಡ್ಡ ಕೂರುವುದು ಮೆಗ್ನೀಸಿಯಂ. 1984ರಲ್ಲಿ ಇದು ಪತ್ತೆಯಾಯಿತು. ಮೆಗ್ನೀಸಿಯಂ ನರಗಳನ್ನು ತಣಿಸುತ್ತದೆ ಎಂಬ ಮಾತಿಗೆ ಇಂಥ ಗಟ್ಟಿ ಆಧಾರಗಳಿವೆ.

ಪ್ರಶ್ನೆ ಇರುವುದು ದಾರಿಯದ್ದು. ಚರ್ಮದ ಹೊರಪದರ ಇರುವುದೇ ಹೊರಗಿನದನ್ನು ಹೊರಗೇ ಇಡಲು. ನೀರಲ್ಲಿ ಕರಗಿದ ಮೆಗ್ನೀಸಿಯಂ ಕಣ ತನ್ನ ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದುಕೊಂಡು ದೊಡ್ಡದಾಗಿರುತ್ತದೆ, ಎಣ್ಣೆಯಂಶದ ಆ ಪದರ ದಾಟುವುದು ಅದಕ್ಕೆ ಕಷ್ಟ. ಕೂದಲಿನ ಬುಡದಿಂದ ಸ್ವಲ್ಪ ಇಳಿಯುವುದು ಪ್ರಯೋಗಾಲಯದಲ್ಲಿ ಕಂಡಿದೆ. ಎಪ್ಸಮ್ ಉಪ್ಪಿನ ಸ್ನಾನದಿಂದ ರಕ್ತದಲ್ಲಿ ಮೆಗ್ನೀಸಿಯಂ ಏರುತ್ತದೆ ಎನ್ನುವವರು ಹೆಚ್ಚಾಗಿ ತೋರಿಸುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಒಂದು ಪ್ರಯೋಗವನ್ನು. ಅದರಲ್ಲಿದ್ದವರು 19 ಜನ. ಬೇರೆ ವಿಜ್ಞಾನಿಗಳು ಪರಿಶೀಲಿಸುವ ಯಾವ ಪತ್ರಿಕೆಯಲ್ಲೂ ಅದು ಪ್ರಕಟವಾಗಲಿಲ್ಲ. 2017ರಲ್ಲಿ ಈ ವಿಷಯದ ಸಂಶೋಧನೆಗಳನ್ನೆಲ್ಲ ಜೋಡಿಸಿ ನೋಡಿದ ಒಂದು ವಿಮರ್ಶೆ, ಚರ್ಮದ ಮೂಲಕ ಮೆಗ್ನೀಸಿಯಂ ಕೊಡುವ ವಾದಕ್ಕೆ ವಿಜ್ಞಾನದ ಬೆಂಬಲ ಇಲ್ಲ ಎಂದಿತು.

ನನಗೆ ಇದಕ್ಕಿಂತ ಮನವರಿಕೆಯಾದದ್ದು ಹೆರಿಗೆ ವಾರ್ಡಿನ ಸಂಗತಿ. ಗರ್ಭಿಣಿಯರಿಗೆ ರಕ್ತದೊತ್ತಡ ಏರಿ ನಂಜಾದಾಗ ಫಿಟ್ಸ್ ಬರಬಹುದು, ಅದು ಜೀವಕ್ಕೇ ಅಪಾಯ. ಅದನ್ನು ತಡೆಯಲು ಕೊಡುವ ಔಷಧಿ ಮೆಗ್ನೀಸಿಯಂ ಸಲ್ಫೇಟ್. ಹೌದು, ಎಪ್ಸಮ್ ಉಪ್ಪೇ, ಶುದ್ಧ ಮಾಡಿದ ಇಂಜೆಕ್ಷನ್ ರೂಪದಲ್ಲಿ. 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಎಂಬ ದೊಡ್ಡ ಅಧ್ಯಯನ 33 ದೇಶಗಳ 10,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆಯಿತು. ಈ ಔಷಧಿ ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಶುರುವಿನಲ್ಲಿ ರಕ್ತನಾಳಕ್ಕೆ ಕೊಡುವುದು ಬರೀ 4 ಗ್ರಾಂ. ಅಷ್ಟಕ್ಕೇ ಎಷ್ಟೋ ಜನರಿಗೆ ಮೈಯೆಲ್ಲ ಬಿಸಿಯೇರಿ ಮುಖ ಕೆಂಪಾಗುತ್ತದೆ. ಔಷಧಿ ಹೋಗುತ್ತಿರುವಷ್ಟು ಹೊತ್ತೂ ಡಾಕ್ಟರು, ನರ್ಸುಗಳು ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುತ್ತಿರುತ್ತಾರೆ. ಕಾಲು ಚಿಮ್ಮಿದರೆ ಸರಿ. ಚಿಮ್ಮದಿದ್ದರೆ ಮೆಗ್ನೀಸಿಯಂ ಜಾಸ್ತಿಯಾಗುತ್ತಿದೆ ಎಂದರ್ಥ, ಹಾಗೇ ಬಿಟ್ಟರೆ ಉಸಿರಾಟಕ್ಕೇ ಕುತ್ತು. ಕೂಡಲೇ ನಿಲ್ಲಿಸುತ್ತಾರೆ. ಅಗತ್ಯ ಬಿದ್ದರೆ ಕ್ಯಾಲ್ಸಿಯಂ ಕೊಟ್ಟು ಅದರ ಪರಿಣಾಮವನ್ನು ತಡೆಯುತ್ತಾರೆ.

ಈ ಉಪ್ಪು ನಿಜವಾಗಿ ರಕ್ತಕ್ಕೆ ಸೇರಿದರೆ ಹೀಗಿರುತ್ತದೆ. 4 ಗ್ರಾಂಗೇ ಇಷ್ಟು ಕಾವಲು. ಅರ್ಧ ಟನ್ ಉಪ್ಪಿನಲ್ಲಿ ಗಂಟೆಗಟ್ಟಲೆ ಮಲಗಿ ಎದ್ದವರು ಆರಾಮಾಗಿ ನಡೆದು ಮನೆಗೆ ಹೋಗುತ್ತಾರೆ. ಚರ್ಮ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿದೆ ನೋಡಿ. ಫ್ಲೋಟ್ ಟ್ಯಾಂಕ್ ಸುರಕ್ಷಿತವಾಗಿರುವುದಕ್ಕೆ ಒಂದು ದೊಡ್ಡ ಕಾರಣವೇ ಇದು.

ಮೈಗೆ ಮೆಗ್ನೀಸಿಯಂ ಬೇಕೆಂದರೆ ಬಾಯಿಯ ದಾರಿಯೇ ಸರಿ. ಸೊಪ್ಪಿನ ಹಸಿರು ಬಣ್ಣ ಇದೆಯಲ್ಲ, ಆ ಪತ್ರಹರಿತ್ತಿನ ಪ್ರತಿಯೊಂದು ಅಣುವಿನ ನಡುವೆಯೂ ಒಂದು ಮೆಗ್ನೀಸಿಯಂ ಇದೆ. ಕಾಳು, ಬೀಜಗಳು, ತೌಡು ತೆಗೆಯದ ಧಾನ್ಯ ಎಲ್ಲದರಲ್ಲೂ ಧಾರಾಳವಾಗಿದೆ. ಒಂದು ಹಿಡಿ ಕುಂಬಳ ಬೀಜದಲ್ಲಿ, ಅಂದರೆ ಸುಮಾರು 28 ಗ್ರಾಂನಲ್ಲಿ, 150 ಮಿಲಿಗ್ರಾಂ ಸಿಗುತ್ತದೆ. ಅಷ್ಟೇ ಬಾದಾಮಿಯಲ್ಲಿ 80. ಅಮೆರಿಕದ ಲೆಕ್ಕದಲ್ಲಿ ದಿನಕ್ಕೆ ಗಂಡಸರಿಗೆ 400ರಿಂದ 420 ಮಿಲಿಗ್ರಾಂ, ಹೆಂಗಸರಿಗೆ 310ರಿಂದ 320 ಬೇಕು. ಧಾನ್ಯವನ್ನು ಪಾಲಿಶ್ ಮಾಡಿದಷ್ಟೂ ಇದು ತೌಡಿನ ಜೊತೆ ಹೊರಟುಹೋಗುತ್ತದೆ. ಅಸಿಡಿಟಿಗೆಂದು ಒಮೆಪ್ರಜೋಲ್ ಥರದ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು, ಜಾಸ್ತಿ ಕುಡಿಯುವವರು, ಸಕ್ಕರೆ ಕಾಯಿಲೆಯವರು ಇದರ ಕೊರತೆಯ ಬಗ್ಗೆ ಡಾಕ್ಟರ ಹತ್ತಿರ ಕೇಳುವುದು ಒಳ್ಳೆಯದು.

ನಿದ್ದೆಗೆ ಮೆಗ್ನೀಸಿಯಂ ಮಾತ್ರೆ? 2021ರಲ್ಲಿ ವಯಸ್ಸಾದವರ ಮೇಲಿನ ಮೂರು ಅಧ್ಯಯನ, ಒಟ್ಟು 151 ಜನರ ಫಲಿತಾಂಶ ಜೋಡಿಸಿ ನೋಡಿದಾಗ, ಮಾತ್ರೆ ತೆಗೆದುಕೊಂಡವರಿಗೆ ಸುಮಾರು 17 ನಿಮಿಷ ಬೇಗ ನಿದ್ದೆ ಹತ್ತಿತ್ತು. ಆದರೆ ಅಧ್ಯಯನಗಳ ಗುಣಮಟ್ಟ ಚೆನ್ನಾಗಿರಲಿಲ್ಲ ಎಂದು ಜೋಡಿಸಿದವರೇ ಬರೆದಿದ್ದಾರೆ. ಕೊರತೆ ಇರುವವರಿಗೆ ಉಪಯೋಗವಾಗಬಹುದು. ಕೊರತೆ ಇಲ್ಲದವರು ದೊಡ್ಡ ನಿರೀಕ್ಷೆ ಇಟ್ಟುಕೊಳ್ಳದಿರುವುದೇ ವಾಸಿ. ಆಕ್ಸೈಡ್ ರೂಪದ್ದು ಮೈಗೆ ಅಷ್ಟಾಗಿ ಹತ್ತುವುದಿಲ್ಲ, ಸಿಟ್ರೇಟ್ ಅದಕ್ಕಿಂತ ಮೇಲು, ಯಾವುದೇ ಆದರೂ ಜಾಸ್ತಿಯಾದರೆ ಭೇದಿ ಆಗುತ್ತದೆ. ಮಾತ್ರೆಯಿಂದ ದಿನಕ್ಕೆ 350 ಮಿಲಿಗ್ರಾಂ ದಾಟಬಾರದು ಎನ್ನುವುದು ಅಮೆರಿಕದ ಮಿತಿ. ಕಿಡ್ನಿ ತೊಂದರೆ ಇರುವವರು ಕೇಳದೇ ಮುಟ್ಟಲೇಬಾರದು, ಹೆಚ್ಚಾದ ಮೆಗ್ನೀಸಿಯಂ ಹೊರಹಾಕುವುದು ಕಿಡ್ನಿಯೇ. ಥೈರಾಯ್ಡ್ ಮಾತ್ರೆ, ಕೆಲವು ಆಂಟಿಬಯಾಟಿಕ್ ಜೊತೆ ಇದನ್ನು ಒಟ್ಟಿಗೆ ನುಂಗಿದರೆ ಆ ಔಷಧಿ ಹೀರಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ, ಗಂಟೆಗಳ ಅಂತರ ಬೇಕು.

ಟ್ಯಾಂಕ್ ಸಿಗದವರು ಬಾತ್‌ಟಬ್ಬಿಗೋ ಬಕೆಟ್ಟಿಗೋ ಎರಡು ಬೊಗಸೆ ಎಪ್ಸಮ್ ಉಪ್ಪು ಹಾಕಿಕೊಳ್ಳುತ್ತಾರೆ. ಅಷ್ಟು ಉಪ್ಪು ಯಾರನ್ನೂ ತೇಲಿಸುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಬಿಸಿನೀರು, ಮತ್ತು ಅದು ಚೆನ್ನಾಗಿಯೇ ಮಾಡುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು 40ರಿಂದ 42 ಡಿಗ್ರಿ ನೀರಲ್ಲಿ ಹತ್ತೇ ನಿಮಿಷ ಸ್ನಾನ ಮಾಡಿದರೂ ನಿದ್ದೆ ಬೇಗ ಹತ್ತುತ್ತದೆ ಎಂದು 2019ರ ಒಂದು ವಿಮರ್ಶೆ ಹೇಳಿತು. ಬಿಸಿಗೆ ಕೈಕಾಲಿನ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ಬಿಸಿ ಅಲ್ಲಿಂದ ಹೊರಹೋಗುತ್ತದೆ, ಮೈಯ ಒಳತಾಪ ಇಳಿಯುತ್ತದೆ. ನಿದ್ದೆಗೆ ಬೇಕಾಗಿರುವುದೂ ಆ ಇಳಿತವೇ. ಉಪ್ಪು ಹಾಕಬೇಕೆಂದಿದ್ದರೆ ಹಾಕಿಕೊಳ್ಳಿ, ತೊಂದರೆಯಿಲ್ಲ. ಆದರೆ ಮಲಗುವ ಹೊತ್ತಿಗೆ ತೀರಾ ಹತ್ತಿರ ಮಾಡಬೇಡಿ, ತಣಿಯಲು ಸಮಯ ಬೇಕು.

ಫ್ಲೋಟ್‌ಗೆ ಹೋಗುವವರಿಗೆ ಇನ್ನೆರಡು ಮಾತು. ಹತೋಟಿಗೆ ಬಾರದ ಫಿಟ್ಸ್, ತೆರೆದ ಗಾಯ, ಹರಡುವ ಚರ್ಮರೋಗ ಇದ್ದರೆ ಹೋಗಬೇಡಿ. ಭ್ರಮೆಯಂಥ ಮಾನಸಿಕ ತೊಂದರೆ ಇರುವವರು ಮೊದಲು ತಮ್ಮ ಡಾಕ್ಟರ ಹತ್ತಿರ ಮಾತಾಡಬೇಕು. ಒಬ್ಬೊಬ್ಬರ ನಡುವೆಯೂ ನೀರು ಹೇಗೆ ಸೋಸುತ್ತಾರೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮುಚ್ಚಿದ ಜಾಗದ ಭಯ ಇದ್ದರೆ ಬಾಗಿಲು ತೆರೆದು, ಸಣ್ಣ ದೀಪ ಹಚ್ಚಿಟ್ಟುಕೊಂಡೂ ತೇಲಬಹುದು.

ವಾರದಲ್ಲಿ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ದಾಟಿದ್ದರೆ ಟ್ಯಾಂಕನ್ನೂ ಮಾತ್ರೆಯನ್ನೂ ಪಕ್ಕಕ್ಕಿಟ್ಟು ಡಾಕ್ಟರನ್ನು ಕಾಣಿ. ಅದಕ್ಕೆ ಮೊದಲ ಚಿಕಿತ್ಸೆಯಾಗಿ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಸೂಚಿಸಿದ್ದು ನಿದ್ದೆಗೆಂದೇ ರೂಪಿಸಿದ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಯನ್ನು. ಹಾಸಿಗೆಯಲ್ಲಿ ಎಷ್ಟು ಹೊತ್ತು ಇರಬೇಕು, ನಿದ್ದೆ ಬಾರದಾಗ ಯಾವಾಗ ಎದ್ದುಬಿಡಬೇಕು, ನಿದ್ದೆಯ ಬಗೆಗಿನ ಚಿಂತೆಯನ್ನು ಹೇಗೆ ನಿಭಾಯಿಸಬೇಕು ಎಂದು ಕೆಲವು ವಾರ ಅಭ್ಯಾಸ ಮಾಡಿಸುತ್ತಾರೆ. ಜೋರು ಗೊರಕೆ, ನಡುನಡುವೆ ಉಸಿರು ನಿಂತು ಬೆಚ್ಚಿ ಏಳುವುದು, ಹಗಲಲ್ಲಿ ತೂಕಡಿಕೆ ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಅದಕ್ಕೆ ಪರೀಕ್ಷೆಯೇ ಬೇರೆ, ಚಿಕಿತ್ಸೆಯೇ ಬೇರೆ. ಎಷ್ಟೋ ಸಲ ಇದು ಮೊದಲು ಗೊತ್ತಾಗುವುದು ಪಕ್ಕದಲ್ಲಿ ಮಲಗಿದವರಿಗೆ, ಆದ್ದರಿಂದ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.